ಮಧ್ಯಾಹ್ನ ಮೂರು ಗಂಟೆಗೆ ಕಾಫಿ ಕಪ್ ತೊಳೆಯೋರು ಯಾರು

ಬೆಂಗಳೂರು, ಅಮೆರಿಕ, ಸ್ವೀಡನ್ ಮೂರೂ ಕಡೆ ಕೆಲ್ಸ ಮಾಡಿ ಈಗ ಮತ್ತೆ ಬೆಂಗಳೂರಲ್ಲೇ ಇರೋಳು ನಾನು ಅಂತ ಗೊತ್ತಾದ ತಕ್ಷಣ ಜನ ಕೇಳೋದು ಒಂದೇ, ಎಲ್ಲಿ ವರ್ಕ್ ಕಲ್ಚರ್ ಚೆನ್ನಾಗಿದೆ? ಕೇಳೋರ ಮನಸ್ಸಲ್ಲಿರೋದು ಬಾಸ್ ಹೇಗಿರ್ತಾರೆ, ರಜೆ ಎಷ್ಟು ಕೊಡ್ತಾರೆ, ಸಂಜೆ ಎಷ್ಟೊತ್ತಿಗೆ ಮನೆ ಸೇರಬಹುದು, ಇಷ್ಟು. ಅದೆಲ್ಲ ಮುಖ್ಯವೇ. ಆದ್ರೆ ನಾನು ಈಗ ಯಾವ್ದೇ ಆಫೀಸಿಗೆ ಹೋದ್ರೂ ಮೊದ್ಲು ನೋಡೋದು ಅಲ್ಲಿ ನೆಲ ಒರೆಸೋರು ಎಲ್ಲಿ ಕೂತು ಊಟ ಮಾಡ್ತಾರೆ ಅನ್ನೋದನ್ನ. ಆಮೇಲೆ, ಅವರ ಮಗುವಿಗೆ ಜ್ವರ ಬಂದು ರಜೆ ಹಾಕಿದ್ರೆ ಆ ದಿನದ ದುಡ್ಡು ಸಿಗುತ್ತಾ ಅನ್ನೋದನ್ನ. ಇಂಜಿನಿಯರು ಮತ್ತೆ ಮ್ಯಾನೇಜರ ನಡುವೆ ಎಷ್ಟು ಸಲಿಗೆ ಇದೆ ಅನ್ನೋದರಿಂದ ಒಂದು ದೇಶದ ಬಗ್ಗೆ ಏನೂ ಗೊತ್ತಾಗಲ್ಲ ಅಂತ ನನಗೆ ಬರ್ತಾ ಬರ್ತಾ ಖಾತ್ರಿ ಆಗಿದೆ, ಯಾಕಂದ್ರೆ ಅವರಿಬ್ರೂ ಒಂದೇ ಕಡೆಯವರು.

ಬೆಂಗಳೂರಿಂದಲೇ ಶುರು ಮಾಡ್ತೀನಿ. ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳಲ್ಲಿ ಕೆಲ್ಸ ಮಾಡಿದೋರಿಗೆ ಇದು ಹೊಸದೇನಲ್ಲ. ನಾವೆಲ್ಲ ವೈಸ್ ಪ್ರೆಸಿಡೆಂಟನ್ನೂ ಹೆಸರು ಹಿಡಿದೇ ಕರೀತಿದ್ವಿ, ಸರ್ ಗಿರ್ ಏನೂ ಇರ್ಲಿಲ್ಲ, ಕಂಪನಿ ಸೇರಿದ ಮೊದ್ಲ ದಿನದ ಟ್ರೇನಿಂಗಲ್ಲೇ ಇಲ್ಲಿ ಎಲ್ರೂ ಸಮ ಅಂತ ಸ್ಲೈಡ್ ಹಾಕಿ ತೋರಿಸಿದ್ರು. ಅದೇ ಫ್ಲೋರಲ್ಲಿ ನೀಲಿ ಯೂನಿಫಾರ್ಮ್ ಹಾಕ್ಕೊಂಡು ಹೌಸ್‌ಕೀಪಿಂಗಿನವರು ಓಡಾಡ್ತಿದ್ರು, ನಾವು ಕುಡಿದು ಡೆಸ್ಕ್ ಮೇಲೆ ಬಿಟ್ಟ ಕಪ್ಪುಗಳನ್ನ ಟ್ರೇಲಿ ಎತ್ಕೊಂಡು ಹೋಗ್ತಿದ್ರು. ಅವರಿಗೆ ನಮ್ಮ ಕ್ಯಾಂಟೀನಲ್ಲಿ ಕೂರೋ ಹಾಗಿರ್ಲಿಲ್ಲ, ಊಟ ಬೇಸ್‌ಮೆಂಟಲ್ಲಿ ಪೈಪು ಹಾದು ಹೋಗೋ ಜಾಗದಲ್ಲಿ ರಟ್ಟು ಹಾಸ್ಕೊಂಡು. ಲಿಫ್ಟೂ ಬೇರೆ, ಸರ್ವಿಸ್ ಲಿಫ್ಟ್. ಸಂಜೆ ಮನೆಗೆ ಹೋಗೋವಾಗ ಅವರ ಬ್ಯಾಗ್ ಮಾತ್ರ ಬಿಚ್ಚಿ ನೋಡೋರು, ಆ ಬ್ಯಾಗಲ್ಲಿ ಖಾಲಿ ಟಿಫನ್ ಡಬ್ಬ ಬಿಟ್ರೆ ಏನಿರುತ್ತೆ ಹೇಳಿ. ಅವರಲ್ಲಿ ತುಂಬ ಜನ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದೋರು, ಇಲ್ಲಾಂದ್ರೆ ಒಡಿಶಾ, ಅಸ್ಸಾಂ. ನಮ್ಮ ಕನ್ನಡ ಟೀಮಿನವರು ರಾಜ್ಯೋತ್ಸವಕ್ಕೆ ಕೆಂಪು ಹಳದಿ ಶಾಲು ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋವಾಗ ಪಕ್ಕದಲ್ಲೇ ಕಸದ ಬುಟ್ಟಿ ಹಿಡ್ಕೊಂಡು ನಿಂತಿದ್ದ ಯಾದಗಿರಿ ಹೆಂಗಸನ್ನ ಯಾರೂ ಬಾ ಅಕ್ಕ ಅನ್ಲಿಲ್ಲ, ಅದು ಇವತ್ತಿಗೂ ನನ್ನ ಹೊಟ್ಟೇಲಿ ಉರೀತದೆ.

ಅಮೆರಿಕಕ್ಕೆ ಹೋಗಿದ್ದು ಆನ್‌ಸೈಟ್ ಕೆಲಸಕ್ಕೆ, ಟೆಕ್ಸಸ್. ಅಲ್ಲಿನ ಬಗ್ಗೆ ಕಡಿಮೆ ಬರೀತೀನಿ. ಜನ ಒಳ್ಳೇವರು, ನಿಜವಾಗ್ಲೂ ಒಳ್ಳೇವರು, ಕಸ ಎತ್ತೋ ಮನುಷ್ಯನನ್ನೂ ಹೇಗಿದೀಯ ಅಂತ ಕೇಳಿ ಎರಡು ನಿಮಿಷ ನಿಂತು ಮಾತಾಡ್ತಾರೆ, ಇದು ನಮ್ಮಲ್ಲಿ ಇಲ್ಲವೇ ಇಲ್ಲ. ಆದ್ರೆ ಆ ಸ್ನೇಹದ ಕೆಳಗೆ ಹಿಡ್ಕೊಳ್ಳೋಕೆ ನೆಲ ಇಲ್ಲ. ಸಂಬಳ ಸಹಿತ ರಜೆ ಕೊಡ್ಲೇಬೇಕು ಅನ್ನೋ ಫೆಡರಲ್, ಅಂದ್ರೆ ಕೇಂದ್ರದ, ಕಾನೂನೇ ಆ ದೇಶದಲ್ಲಿಲ್ಲ. 1993ರ ಕಾಯ್ದೆ ಪ್ರಕಾರ ಹೆರಿಗೆಗೋ ಮನೇಲಿ ಯಾರಿಗೋ ಖಾಯಿಲೆ ಅಂತಲೋ 12 ವಾರ ಕೆಲ್ಸ ಹೋಗದ ಹಾಗೆ ಮನೇಲಿರಬಹುದು, ಸಂಬಳ ಇಲ್ದೆ, ಅದೂ ಎಲ್ಲ ಕಂಪನಿಗೂ ಅನ್ವಯಿಸಲ್ಲ. ಹೋಟೆಲಲ್ಲಿ ಬಡಿಸೋರಿಗೆ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಒಂದು ಸೆಂಟೂ ಜಾಸ್ತಿ ಆಗಿಲ್ಲ. ಮಿಕ್ಕಿದ್ದು ಟಿಪ್ಸಲ್ಲಿ ಬರಬೇಕು. ಕೆಲವು ರಾಜ್ಯ ಜಾಸ್ತಿ ಮಾಡ್ಕೊಂಡಿವೆ, ಟೆಕ್ಸಸ್ ಮಾಡಿಲ್ಲ. ಅಂದ್ರೆ ಆ ಹುಡುಗಿ ನಗ್ತಾ ನಗ್ತಾ ನಿಮ್ಮ ಟೇಬಲ್ಲಿಗೆ ಬರೋದು ಬಾಡಿಗೆ ಕಟ್ಟೋಕೆ, ಆ ನಗು ಆಕೆಯ ಕೆಲಸದ ಭಾಗ. ಆಫೀಸಲ್ಲೂ ಅದೇ ಕಥೆ, ಬಾಸ್ ಮನೆಗೆ ಕರೆದು ಬಾರ್ಬೆಕ್ಯೂ ಮಾಡಿ ಊಟ ಹಾಕ್ತಾನೆ, ಮುಂದಿನ ತಿಂಗಳು ಬೆಳಿಗ್ಗೆ ಹತ್ತು ನಿಮಿಷದ ಒಂದು ಮೀಟಿಂಗ್ ಇನ್ವೈಟ್ ಬರುತ್ತೆ, ಅದು ಮುಗಿಯೋ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್ ಆಗಿರುತ್ತೆ. ಎಚ್1ಬಿ ವೀಸಾ ಮೇಲಿದ್ದೋರಿಗೆ ಅಲ್ಲಿಂದ 60 ದಿನ, ಅಷ್ಟರಲ್ಲಿ ಬೇರೆ ಕೆಲಸವೋ ಬೇರೆ ದಾರಿಯೋ ಹುಡುಕ್ಕೋಬೇಕು, ಮಕ್ಕಳ ಸ್ಕೂಲು, ಮನೆ ಲೀಸು ಎಲ್ಲ ಆ 60 ದಿನದ ಒಳಗೆ.

ಸ್ವೀಡನ್ನಿಗೆ ಹೋಗಿದ್ದು ಗೋಥೆನ್‌ಬರ್ಗಿಗೆ. ಕಾರು ಲಾರಿ ಕಂಪನಿಗಳ ಊರು, ಕನ್ನಡದವರು ಸಾಕಷ್ಟಿದಾರೆ, ಯುಗಾದಿ ಗಣಪತಿ ಎಲ್ಲ ನಡೆಯುತ್ತೆ. ಆಫೀಸು ನದಿ ದಾಟಿ ಲಿಂಡ್‌ಹೋಲ್ಮೆನ್ ಕಡೆ, ಹಳೇ ಹಡಗುಕಟ್ಟೆ ಇದ್ದ ಜಾಗ. ಅಲ್ಲಿ ಕಾಫಿ ವಿರಾಮ ಅಂದ್ರೆ ಫೀಕಾ, ಬೆಳಿಗ್ಗೆ ಒಂದ್ಸಲ ಮಧ್ಯಾಹ್ನ ಒಂದ್ಸಲ, ಎಲ್ರೂ ಎದ್ದು ಅಡಿಗೆಮನೆಗೆ ಹೋಗೋದು. ಫೀಕಾ ಬಗ್ಗೆ ಎಲ್ರೂ ಬರೀತಾರೆ, ದಾಲ್ಚಿನ್ನಿ ಬನ್ನಿನ ಫೋಟೋ ಹಾಕ್ತಾರೆ. ನನಗೆ ಮುಖ್ಯ ಅನ್ಸಿದ್ದು ಫೀಕಾ ಮುಗಿದ ಮೇಲಿನ ಐದು ನಿಮಿಷ. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಪಟ್ಟಿ ಅಂಟಿಸಿರೋರು, ಯಾವ ವಾರ ಯಾರು ಡಿಶ್‌ವಾಷರ್ ತುಂಬಿಸಿ ಖಾಲಿ ಮಾಡ್ಬೇಕು, ಸಿಂಕ್ ಒರೆಸ್ಬೇಕು, ಹಾಲು ಮುಗಿದಿದ್ರೆ ತರಿಸ್ಬೇಕು ಅಂತ. ಆ ಪಟ್ಟೀಲಿ ನೂರಾರು ಜನರ ಮೇಲಿನ ಡಿಪಾರ್ಟ್‌ಮೆಂಟ್ ಹೆಡ್ ಹೆಸರೂ ಇತ್ತು, ಆಯಮ್ಮನ ವಾರ ಬಂದಾಗ ಸ್ವೆಟರ್ ತೋಳು ಮೇಲಕ್ಕೆ ಏರಿಸ್ಕೊಂಡು ಕಪ್ ಜೋಡಿಸ್ತಾನೇ ನಮ್ಮ ಪ್ರಾಜೆಕ್ಟ್ ಯಾಕೆ ಲೇಟ್ ಆಗ್ತಿದೆ ಅಂತ ವಿಚಾರಿಸೋರು. ಯಾರಿಗೂ ಅದು ದೊಡ್ಡ ವಿಷಯ ಅನ್ಸ್ತಿರ್ಲಿಲ್ಲ. ನನಗೊಬ್ಬಳಿಗೇ ಅನ್ಸ್ತಿದ್ದಿದ್ದು, ಜೊತೆಗೆ ಪುಣೆಯಿಂದ ಬಂದಿದ್ದ ಇನ್ನೊಬ್ಬನಿಗೆ.

ನೆಲ ಒರೆಸೋಕೆ ಬರ್ತಿದ್ದ ಹೆಂಗಸು ಬೋಸ್ನಿಯಾದವರು, 90ರ ದಶಕದಲ್ಲಿ ಯುದ್ಧದಿಂದ ತಪ್ಪಿಸ್ಕೊಂಡು ಬಂದೋರು. ಅವರು ಕೆಲ್ಸ ಮಾಡ್ತಿದ್ದಿದ್ದೂ ಗುತ್ತಿಗೆ ಕಂಪನಿಗೇ, ನಮ್ಮ ಬೆಂಗಳೂರಿನ ಹಾಗೇ. ಆದ್ರೆ ನಮ್ಮ ಮೈಕ್ರೋವೇವಲ್ಲೇ ಡಬ್ಬ ಬಿಸಿ ಮಾಡ್ಕೊಂಡು ನಮ್ಮ ಟೇಬಲಲ್ಲೇ ಕೂತು ಊಟ ಮಾಡೋರು. ಒಂದು ಫೆಬ್ರವರಿ ನಾಲ್ಕು ದಿನ ಬರ್ಲಿಲ್ಲ, ಮೊಮ್ಮಗುವಿಗೆ ಹುಷಾರಿಲ್ಲ ಅಂತ ಮಗಳು ರಜೆ ಹಾಕಿದ್ದಾಳೆ, ಆಮೇಲೆ ಈ ಅಜ್ಜಿಗೂ ಜ್ವರ ಹತ್ತಿದೆ ಅಂತ ಗೊತ್ತಾಯ್ತು. ಆ ಮಗಳು ವೃದ್ಧಾಶ್ರಮದಲ್ಲಿ ಸಹಾಯಕಿ. ಮಗುವಿಗೆ ಹುಷಾರಿಲ್ಲ ಅಂದ್ರೆ ಅಲ್ಲಿ ತಾಯಿಗೋ ತಂದೆಗೋ ರಜೆ ಸಿಗುತ್ತೆ, ಅದಕ್ಕೆ ವಾಬ್ ಅಂತಾರೆ, ಸರ್ಕಾರದ ವಿಮಾ ಇಲಾಖೆಯೇ ಸಂಬಳದ ಹತ್ತತ್ರ ಶೇ. 80ರಷ್ಟು ಕೊಡುತ್ತೆ, ಒಂದು ಮಗುವಿಗೆ ವರ್ಷಕ್ಕೆ 120 ದಿನದವರೆಗೂ. ಇಂಜಿನಿಯರಿಗೂ ಅದೇ, ವೃದ್ಧಾಶ್ರಮದ ಸಹಾಯಕಿಗೂ ಅದೇ. ಪೇರೆಂಟಲ್ ಲೀವ್ 480 ದಿನ, ಅದರಲ್ಲಿ 90 ದಿನ ಅಪ್ಪನೇ ತಗೋಬೇಕು, ಅಮ್ಮನಿಗೆ ಬರ್ಕೊಡೋ ಹಾಗಿಲ್ಲ. ವರ್ಷಕ್ಕೆ 25 ದಿನ ರಜೆ ಎಲ್ಲರಿಗೂ. ಇದನ್ನೆಲ್ಲ ನಾನು ಹೇಳೋದು ರಜೆಯ ಆಸೆ ಹುಟ್ಟಿಸೋಕಲ್ಲ. ಬೆಂಗಳೂರಲ್ಲಿ ನನಗೆ 26 ವಾರ ಹೆರಿಗೆ ರಜೆ ಸಿಕ್ಕಿತ್ತು, 2017ರ ತಿದ್ದುಪಡಿ ಆದ್ಮೇಲೆ, ಪೂರ್ತಿ ಸಂಬಳದ ಜೊತೆ, ಅಮೆರಿಕದ ಫ್ರೆಂಡ್ಸ್ ಕೇಳಿ ಬೆರಗಾಗಿದ್ರು. ಅದೇ ಸಮಯದಲ್ಲಿ ನಮ್ಮ ಮನೆ ಕೆಲಸಕ್ಕೆ ಬರ್ತಿದ್ದಾಕೆ ಏಳು ತಿಂಗಳ ಬಸುರಿ, ಆಕೆಗೆ ಆ ಕಾನೂನು ಇಲ್ಲವೇ ಇಲ್ಲ. ಕಾನೂನು ಇರೋದು ಒಂದು ಮಾತು, ಅದು ಕಟ್ಟಡದ ಯಾವ ಮಹಡಿವರೆಗೆ ಇಳಿಯುತ್ತೆ ಅನ್ನೋದು ಇನ್ನೊಂದು ಮಾತು.

ಇಲ್ಲಿ ನಮ್ಮವರು ಒಂದು ಮಾತು ಹೇಳ್ತಾರೆ, ನನಗದು ಸುತಾರಾಂ ಒಪ್ಪಿಗೆ ಇಲ್ಲ. ಅವರ ಕಲ್ಚರೇ ಹಾಗೆ ಬಿಡ್ರೀ, ಅವರ ರಕ್ತದಲ್ಲೇ ಸಮಾನತೆ ಇದೆ, ನಮ್ಮ ಜನಕ್ಕೆ ಅದೆಲ್ಲ ಬರಲ್ಲ ಅಂತ. ಸ್ವೀಡನ್ನಿನ ಹಳೇ ಕಥೆ ಓದಿದ್ರೆ ಈ ಮಾತು ನಿಲ್ಲಲ್ಲ. ಅಲ್ಲಿನ ದೊಡ್ಡ ಜಮೀನ್ದಾರಿ ಎಸ್ಟೇಟುಗಳಲ್ಲಿ ಸ್ಟಾಟಾರೆ ಅಂತ ಕೂಲಿಗಳಿದ್ರು. ಮದುವೆ ಆದ ಗಂಡಾಳನ್ನ ವರ್ಷಕ್ಕಂತ ಗೊತ್ತು ಮಾಡ್ಕೊಳ್ಳೋದು, ಕೂಲಿ ಬಹುಪಾಲು ಕಾಳು, ಹಾಲು, ಆಲೂಗಡ್ಡೆ, ಸೌದೆ, ಇರೋಕೊಂದು ಕೋಣೆ. ಹೆಂಡತಿಯನ್ನ ಬೇರೆಯಾಗಿ ಗೊತ್ತು ಮಾಡ್ಕೊಳ್ಳದೇ ಇದ್ರೂ ಬೆಳಗಿನ ಜಾವದಿಂದ ಧಣಿಯ ಹಸುಗಳ ಹಾಲು ಕರೆಯೋದು ಆಕೆಯ ಪಾಲಿಗೆ. ವರ್ಷಕ್ಕೊಂದ್ಸಲ ಅಕ್ಟೋಬರ್ ಕೊನೇಲಿ ಒಂದು ವಾರ ಬಿಡುವು, ಆಗ ಬೇರೆ ಎಸ್ಟೇಟಿಗೆ ಹೋಗೋರು ಗಂಟು ಮೂಟೆ ಗಾಡೀಲಿ ಹಾಕ್ಕೊಂಡು ಹೊರಡ್ತಿದ್ರು. ಇದನ್ನ ಓದ್ತಾ ನನಗೆ ನೆನಪಾಗಿದ್ದು ನಮ್ಮ ತಾತನ ಊರಲ್ಲಿ ಯುಗಾದಿಯಿಂದ ಯುಗಾದಿಗೆ ಸಂಬಳಕ್ಕೆ ಇರ್ತಿದ್ದ ಆಳುಗಳು, ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಸ್ಟಾಟಾರೆ ಪದ್ಧತಿ ನಿಂತಿದ್ದು 1945ರಲ್ಲಿ. ನಮ್ಮ ಜೀತ ನಿರ್ಮೂಲನಾ ಕಾಯ್ದೆ ಬಂದಿದ್ದು 1976ರಲ್ಲಿ. ನಡುವೆ ಇರೋದು 31 ವರ್ಷ, ಒಂದು ತಲೆಮಾರು. ಸಾವಿರಾರು ವರ್ಷದ ರಕ್ತದ ಗುಣ ಏನಲ್ಲ.

ಆ ಪದ್ಧತಿ ತಾನಾಗೇ ಕರುಣೆಯಿಂದ ನಿಲ್ಲಲಿಲ್ಲ, ಹೊಲದ ಕೂಲಿಗಳು ಸಂಘ ಕಟ್ಟಿ ಜಗಳ ಆಡಿದ್ರು. 1931ರ ಮೇ ತಿಂಗಳಲ್ಲಿ ಓಡಾಲೆನ್ ಅನ್ನೋ ಕಡೆ ಮುಷ್ಕರ ಮುರಿಯೋಕೆ ಹೊರಗಿನ ಆಳುಗಳನ್ನ ಕರ್ಕೊಂಡು ಬಂದ್ರು ಅಂತ ಕಾರ್ಮಿಕರು ಮೆರವಣಿಗೆ ಹೊರಟಾಗ ಮಿಲಿಟರಿ ಗುಂಡು ಹಾರಿಸಿ ಐದು ಜನ ಸತ್ತರು. ಅದಾಗಿ ಏಳು ವರ್ಷಕ್ಕೆ, 1938ರಲ್ಲಿ, ಸ್ಟಾಕ್‌ಹೋಮ್ ಹತ್ತಿರ ಸಾಲ್ಟ್‌ಶೋಬಾಡೆನ್‌ನ ಒಂದು ಹೋಟೆಲಲ್ಲಿ ಕಾರ್ಮಿಕರ ಒಕ್ಕೂಟ ಮತ್ತೆ ಮಾಲೀಕರ ಒಕ್ಕೂಟ ಎದುರುಬದುರು ಕೂತು ಒಪ್ಪಂದ ಮಾಡ್ಕೊಂಡ್ರು, ಇನ್ಮೇಲೆ ಕೂಲಿ, ಮುಷ್ಕರ ಎಲ್ಲ ಯಾವ ನಿಯಮದಲ್ಲಿ ನಡೀಬೇಕು ಅಂತ. ಇವತ್ತಿಗೂ ಸ್ವೀಡನ್ನಲ್ಲಿ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಅಂತ ಇಲ್ಲವೇ ಇಲ್ಲ, ಹತ್ತರಲ್ಲಿ ಒಂಬತ್ತು ಜನರ ಕೆಲಸ ಇಂಥ ಒಪ್ಪಂದದ ಕೆಳಗೇ ಬರುತ್ತೆ. ನಮ್ಮ ಡಿಪಾರ್ಟ್‌ಮೆಂಟ್ ಹೆಡ್ ಕೂಡ ಯೂನಿಯನ್ ಮೆಂಬರು! ನಾನೂ ಸೇರಿದೆ. ಬೆಂಗಳೂರಲ್ಲಿ ಯೂನಿಯನ್ ಅಂದ್ರೆ ಬಾವುಟ, ಗಲಾಟೆ, ಫ್ಯಾಕ್ಟರಿ ಮುಚ್ಚಿಸೋರು ಅಂತ ಕೇಳ್ಕೊಂಡು ಬೆಳೆದಿದ್ದ ನನಗೆ ಲಂಚ್ ಟೈಮಲ್ಲಿ ಯೂನಿಯನ್ ಮೀಟಿಂಗು, ಅದರಲ್ಲಿ ಎಚ್‌ಆರ್ ಮ್ಯಾನೇಜರೂ ಮೆಂಬರಾಗಿ ಕೂತ್ಕೊಂಡಿರೋದು ಅಂದ್ರೆ ಬೇರೆ ಲೋಕ.

2023ರ ಅಕ್ಟೋಬರಲ್ಲಿ ನಡೆದಿದ್ದನ್ನ ಇನ್ನೂ ವಿವರವಾಗಿ ಹೇಳ್ಬೇಕು. ಟೆಸ್ಲಾ ಕಂಪನಿ ಸ್ವೀಡನ್ನಿನ ತನ್ನ ಸರ್ವಿಸ್ ಸೆಂಟರುಗಳಲ್ಲಿ ಯೂನಿಯನ್ ಜೊತೆ ಇಂಥ ಒಪ್ಪಂದಕ್ಕೆ ಸೈನ್ ಹಾಕಲ್ಲ ಅಂತು. ಐಎಫ್ ಮೆಟಾಲ್ ಅನ್ನೋ ಯೂನಿಯನ್ ಮುಷ್ಕರ ಕರೀತು, ಇದ್ದ ಮೆಕ್ಯಾನಿಕ್‌ಗಳು ನೂರ ಚಿಲ್ಲರೆ, ಅವರಲ್ಲೂ ಎಲ್ರೂ ಹೊರಗೆ ಬರ್ಲಿಲ್ಲ. ಆದ್ರೆ ಬೇರೆಯವರು ಬಂದ್ರು. ಬಂದರಿನ ಕಾರ್ಮಿಕರು ಟೆಸ್ಲಾ ಕಾರು ಹಡಗಿಂದ ಇಳಿಸಲ್ಲ ಅಂದ್ರು, ಅಂಚೆಯವರು ನಂಬರ್ ಪ್ಲೇಟ್ ಬಟವಾಡೆ ಮಾಡಲ್ಲ ಅಂದ್ರು, ಎಲೆಕ್ಟ್ರಿಷಿಯನ್‌ಗಳು ಅವರ ಚಾರ್ಜಿಂಗ್ ಸ್ಟೇಷನ್ ರಿಪೇರಿ ಮಾಡಲ್ಲ ಅಂದ್ರು. ಮತ್ತೆ ಕ್ಲೀನಿಂಗ್ ಕೆಲಸದವರ ಯೂನಿಯನ್ನು, ಆ ವರ್ಕ್‌ಶಾಪುಗಳ ನೆಲ ಒರೆಸಲ್ಲ ಅಂತು. ಡೆನ್ಮಾರ್ಕು, ನಾರ್ವೆ, ಫಿನ್ಲೆಂಡಿನ ಯೂನಿಯನ್ನುಗಳೂ ಕೈ ಜೋಡಿಸಿದ್ವು. ಎರಡು ವರ್ಷ ದಾಟಿದ್ರೂ ಆ ಮುಷ್ಕರ ಮುಗೀಲಿಲ್ಲ, ಕಂಪನಿ ಬಗ್ಗಲೂ ಇಲ್ಲ, ಅದು ಬೇರೆ ಮಾತು. ನನಗೆ ಅದರಲ್ಲಿ ಕಂಡಿದ್ದು ಏನಂದ್ರೆ ನೆಲ ಒರೆಸೋ ಕೆಲಸದವರು ಮೆಕ್ಯಾನಿಕ್ ಪರ ನಿಂತರು, ಅಂದ್ರೆ ಅವರ ಕೆಲಸಕ್ಕೆ ಅಷ್ಟು ತೂಕ ಇದೆ ಅಂತ ಅವರಿಗೂ ಗೊತ್ತು ಮೆಕ್ಯಾನಿಕ್‌ಗೂ ಗೊತ್ತು. ನಮ್ಮ ಟೆಕ್ ಪಾರ್ಕಲ್ಲಿ ಇಂಜಿನಿಯರುಗಳ ಪರವಾಗಿ ಹೌಸ್‌ಕೀಪಿಂಗಿನವರು ನಿಲ್ಲೋದು ಹಾಗಿರ್ಲಿ, ಅವರ ಪರ ನಾವು ನಿಂತಿದ್ದೀವಾ?

ಹಾಗಂತ ಸ್ವೀಡನ್ನಲ್ಲಿ ಎಲ್ಲ ಸರಿ ಇದೆ ಅಂತ ನಾನು ಬರೆಯಲ್ಲ. ಗೋಥೆನ್‌ಬರ್ಗಲ್ಲಿ ಬೆಳಿಗ್ಗೆ ಐದೂವರೆಗೆ ಆಂಗೆರೆಡ್ ಕಡೆಯಿಂದ ಊರಿನ ಮಧ್ಯಕ್ಕೆ ಬರೋ ಟ್ರಾಮ್ ಹತ್ತಿ ನೋಡಿ, ಕೂತಿರೋ ಮುಖಗಳಲ್ಲಿ ಮುಕ್ಕಾಲು ಪಾಲು ಸೊಮಾಲಿಯಾ, ಇರಾಕ್, ಸಿರಿಯಾ, ಎರಿಟ್ರಿಯಾದವರು, ಆಫೀಸು ಆಸ್ಪತ್ರೆ ತೊಳೆಯೋಕೆ ಹೋಗ್ತಿರೋರು. ಎಂಟು ಗಂಟೆಗೆ ಅದೇ ಊರಿನ ದಕ್ಷಿಣದ ಕಡಲ ಬದಿಯ ಬಡಾವಣೆಗಳಿಂದ ಬರೋ ಟ್ರಾಮಿನ ಮುಖಗಳೇ ಬೇರೆ. ತನ್ನ ದೇಶದಲ್ಲಿ ಇಂಜಿನಿಯರೋ ಡಾಕ್ಟರೋ ಆಗಿದ್ದು ಅಲ್ಲಿ ಟ್ಯಾಕ್ಸಿ ಓಡಿಸೋರನ್ನ ನಾನೇ ಮಾತಾಡ್ಸಿದೀನಿ. 2007ರಲ್ಲಿ ರೂಟ್ ಅಂತ ಒಂದು ತೆರಿಗೆ ರಿಯಾಯ್ತಿ ತಂದ್ರು, ಮನೆ ಕ್ಲೀನ್ ಮಾಡಿಸ್ಕೊಂಡ್ರೆ ಕೂಲಿಯ ಅರ್ಧ ಭಾಗ ತೆರಿಗೇಲಿ ಕಳೆಯಬಹುದು. ಅದಕ್ಕೂ ಮುಂಚೆ 90ರ ದಶಕದಲ್ಲೇ ಇದರ ಬಗ್ಗೆ ದೊಡ್ಡ ಜಗಳ ಆಗಿತ್ತು, ಮನೆಯಾಳಿನ ಕಾಲ ಮತ್ತೆ ತರ್ತೀರಾ ಅಂತ ಒಂದು ಕಡೆ, ಕಳ್ಳ ಲೆಕ್ಕದಲ್ಲಿ ದುಡಿಯೋರಿಗೆ ಸರಿಯಾದ ಸಂಬಳ, ಪಿಂಚಣಿ ಸಿಗುತ್ತೆ ಅಂತ ಇನ್ನೊಂದು ಕಡೆ. ಎರಡೂ ನಿಜವೇ. 2023ರ ನವೆಂಬರಲ್ಲಿ ಹೊರದೇಶದವರ ವರ್ಕ್ ಪರ್ಮಿಟ್ಟಿಗೆ ಬೇಕಾದ ತಿಂಗಳ ಸಂಬಳವನ್ನ 13,000 ಕ್ರೋನರಿಂದ ಒಂದೇ ಸಲ 27,360ಕ್ಕೆ ಏರಿಸಿದ್ರು. ಇಂಜಿನಿಯರುಗಳಿಗೆ ಏನೂ ಆಗ್ಲಿಲ್ಲ. ಕ್ಲೀನಿಂಗು, ಹೋಟೆಲ್ ಕೆಲಸದಲ್ಲಿದ್ದ ಎಷ್ಟೋ ಜನ ಪರ್ಮಿಟ್ ಮುಂದುವರಿಯುತ್ತೋ ಇಲ್ವೋ ಅಂತ ಒದ್ದಾಡಿದ್ರು. ವರ್ಗ ಅನ್ನೋದು ಅಲ್ಲೂ ಇದೆ, ಆದ್ರೆ ಎದುರಿಗೆ ಕೂತು ಊಟ ಮಾಡೋಕೆ ಅದು ಅಡ್ಡ ಬರಲ್ಲ.

ನಮ್ಮಲ್ಲಿ ಅಡ್ಡ ಬರೋದು ಬರೀ ದುಡ್ಡಲ್ಲ, ಜಾತಿ. ಇದನ್ನ ಬಿಟ್ಟು ಭಾರತದ ಆಫೀಸಿನ ಬಗ್ಗೆ ಬರೆದ್ರೆ ಸುಳ್ಳು ಬರೆದ ಹಾಗೆ. ಮನೆ ಕೆಲಸದಾಕೆಗೆ ಬೇರೆ ಲೋಟ ಇಡೋ ಮನೆಯಲ್ಲಿ ಬೆಳೆದ ಹುಡುಗ ಆಫೀಸಿಗೆ ಬಂದು ಹೌಸ್‌ಕೀಪಿಂಗಿನವರಿಗೆ ಬೇರೆ ಲಿಫ್ಟ್ ಇದ್ರೆ ಅದರಲ್ಲಿ ಏನು ತಪ್ಪು ಕಾಣ್ತಾನೆ? ಅವನಿಗದು ಸಹಜ. ಕಸ ಗುಡಿಸೋದು, ಮೋರಿ ತೆಗೆಯೋದು ಯಾವ ಕೇರಿಯವರ ಕೆಲಸ ಅಂತ ಯಾರೂ ಹೇಳ್ಕೊಡದೇನೇ ಕಲಿತಿರ್ತೀವಿ ನಾವು. ಓದದೇ ಇದ್ರೆ ದನ ಕಾಯೋಕೆ ಹೋಗ್ತೀಯ ಅಂತ ಮಕ್ಕಳಿಗೆ ಬೈಯೋದು, ಅದೂ ದನ ಕಾಯೋ ಹುಡುಗ ಅಲ್ಲೇ ನಿಂತು ಕೇಳಿಸ್ಕೊಳ್ಳೋವಾಗ. ಗೋಥೆನ್‌ಬರ್ಗಲ್ಲಿ ನಮ್ಮ ಪಕ್ಕದ ಮನೆಯವನು ಪ್ಲಂಬರು, ನಮ್ಮಂಥದೇ ಮನೆ, ಅವನ ಹತ್ರ ಒಂದು ದೋಣಿ ಬೇರೆ ಇತ್ತು, ಅವನ ಮಗಳು ನನ್ನ ಮಗನ ಕ್ಲಾಸಲ್ಲೇ ಓದ್ತಿದ್ಲು, ಅವಳಿಗೂ ಪ್ಲಂಬರ್ ಆಗ್ಬೇಕು ಅಂತ ಆಸೆ. ನಮ್ಮೂರಿನ ಪ್ಲಂಬರಿಗೆ ಅವನ ಮಗಳು ಪ್ಲಂಬರಾಗ್ಲಿ ಅಂತ ಕೇಳಿ ನೋಡಿ, ಹೊಡೆಯೋಕೆ ಬರ್ತಾನೆ, ಬರಬೇಕಾದ್ದೇ.

ಇನ್ನೊಂದು ಸಣ್ಣ ವಿಷಯ, ಕುರ್ಚಿ. ಸ್ವೀಡನ್ನಿನ ಸೂಪರ್ ಮಾರ್ಕೆಟ್ಟಲ್ಲಿ ಬಿಲ್ ಹಾಕೋರು ಕೂತ್ಕೊಂಡೇ ಕೆಲ್ಸ ಮಾಡ್ತಾರೆ. ನಮ್ಮ ಚಿಕ್ಕಪೇಟೆ ಸೀರೆ ಅಂಗಡಿಗಳಲ್ಲಿ, ಮಾಲ್‌ಗಳಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರ್ತಾರೆ, ಗಿರಾಕಿ ಇಲ್ದೇ ಇದ್ರೂ ಕೂರೋ ಹಾಗಿಲ್ಲ. ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಹೋರಾಟ ಮಾಡಿ 2018ರಲ್ಲಿ ಕೂರೋ ಹಕ್ಕಿನ ಕಾನೂನು ತರಿಸ್ಕೊಂಡ್ರು, ತಮಿಳುನಾಡು 2021ರಲ್ಲಿ ತಂತು. ಕೂರೋಕೂ ಕಾನೂನು ಬೇಕಾ ಅಂತ ಕೆಲವರು ಕೇಳಿದ್ರು. ಹೌದು, ಬೇಕು. ಸ್ವೀಡನ್ನಿನ ಕುರ್ಚಿಯೂ ಯಾರೋ ಹಠ ಹಿಡಿದಿದ್ದರಿಂದಲೇ ಬಂದಿರೋದು.

ಆಗಲ್ಲ ಅನ್ನೋರಿಗೆ ಬೆಂಗಳೂರಿನ ಪೌರಕಾರ್ಮಿಕರನ್ನೇ ತೋರಿಸ್ತೀನಿ. ಮಲ ಹೊರೋ ಪದ್ಧತಿಯನ್ನ 70ರ ದಶಕದಲ್ಲಿ ನಿಲ್ಲಿಸೋಕೆ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಪಟ್ಟು ಹಿಡಿದು ಆದೇಶ ಹೊರಡಿಸಿದಾಗಲೂ ಇದೆಲ್ಲ ಆಗೋ ಮಾತಲ್ಲ ಅಂದವರಿದ್ರು. ಆಮೇಲೆ ಗುತ್ತಿಗೆ ಪದ್ಧತಿ ಬಂತು, ಕಂಟ್ರಾಕ್ಟರು ಸಂಬಳ ಹಿಡಿಯೋದು, ಪಿಎಫ್ ಕಟ್ಟದೇ ಇರೋದು, ಬೆಳಿಗ್ಗೆ ಆರಕ್ಕೆ ಹಾಜರಿ ಹಾಕೋ ಜಾಗದಲ್ಲಿ ಹೆಂಗಸರಿಗೆ ಒಂದು ಶೌಚಾಲಯವೂ ಇಲ್ಲ. 2022ರ ಜುಲೈನಲ್ಲಿ ರಾಜ್ಯದ ತುಂಬ ಮುಷ್ಕರ ಮಾಡಿದ್ರು, ಬೆಂಗಳೂರಲ್ಲಿ ಫ್ರೀಡಂ ಪಾರ್ಕಲ್ಲಿ ಕೂತ್ರು. ಕಾಯಂ ಮಾಡ್ತೀವಿ ಅಂತ ಸರ್ಕಾರ ಒಪ್ಪಬೇಕಾಯ್ತು. 2025ರ ಮೇ 1ಕ್ಕೆ ಬೆಂಗಳೂರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು. ಅವರು ಯಾವ ಸ್ವೀಡನ್ನನ್ನೂ ನೋಡಿ ಬಂದಿರ್ಲಿಲ್ಲ. ಆ ದಿನ ನಾನು ಟಿವಿ ಮುಂದೆ ಕೂತು ಅತ್ತುಬಿಟ್ಟೆ.

ಟೆಕ್ ಪಾರ್ಕು, ಅಪಾರ್ಟ್‌ಮೆಂಟ್‌ಗಳಲ್ಲಿ ಈ ಗಾಳಿ ಇನ್ನೂ ಬೀಸಿಲ್ಲ. ಕಾನೂನೇನೋ ಹಿಂದಿನಿಂದ ಇದೆ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೇಲೇ ನೂರು ಇಲ್ಲಾ ಅದಕ್ಕಿಂತ ಹೆಚ್ಚು ಗುತ್ತಿಗೆ ಜನ ಇದ್ರೆ ಕ್ಯಾಂಟೀನ್ ಕೊಡ್ಬೇಕು, ಕುಡಿಯೋ ನೀರು ಶೌಚಾಲಯ ಕೊಡ್ಬೇಕು, ಕಂಟ್ರಾಕ್ಟರು ಸಂಬಳ ಕೊಡದಿದ್ರೆ ಕೆಲ್ಸ ಮಾಡಿಸ್ಕೊಂಡ ಕಂಪನಿಯೇ ಕೊಡ್ಬೇಕು ಅಂತ ಬರೆದಿತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇಎಸ್‌ಐ ಅನ್ನೋ ಸರ್ಕಾರಿ ವಿಮೆ ಇದೆ, ಹುಷಾರಿಲ್ಲ ಅಂತ ಮಲಗಿದ್ರೆ ಕೂಲಿಯ ಶೇ. 70 ಸಿಗಬೇಕು. ಆದ್ರೆ ಗುತ್ತಿಗೆ ಏಜೆನ್ಸಿಯವರು ಇಎಸ್‌ಐ ಕಾರ್ಡೇ ಮಾಡಿಸಿರಲ್ಲ, ಮಾಡಿಸಿದ್ರೂ ದುಡ್ಡು ಕಟ್ಟಿರಲ್ಲ, ಕೇಳೋರಿಲ್ಲ. ಕೇಳ್ಬೇಕಾದೋರು ಬಿಲ್ ಪಾಸ್ ಮಾಡೋರು, ಅಂದ್ರೆ ನಾವೇ.

ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಲ್ಲಿ ಕಳೆದ ವರ್ಷ ನಾವು ಕೆಲವರು ಇದನ್ನ ಎತ್ತಿದ್ವಿ. ಸೆಕ್ಯೂರಿಟಿ, ಹೌಸ್‌ಕೀಪಿಂಗಿನವರಿಗೆ ಕೆಳಗಡೆ ಖಾಲಿ ಬಿದ್ದಿದ್ದ ಸ್ಟೋರ್ ರೂಮಲ್ಲಿ ಫ್ಯಾನು, ಟೇಬಲ್ಲು, ನೀರಿನ ಫಿಲ್ಟರ್, ವಾರಕ್ಕೊಂದು ದಿನ ಸಂಬಳ ಸಹಿತ ರಜೆ, ಗೇಟಲ್ಲಿ ಕುರ್ಚಿ, ಲಿಫ್ಟ್ ಎಲ್ಲರಿಗೂ ಒಂದೇ. ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾರೆ ಅಂತ ಒಬ್ರು ರಿಟೈರ್ಡ್ ಅಧಿಕಾರಿ ಎದ್ದು ನಿಂತು ವಾದ ಮಾಡಿದ್ರು, ಹನ್ನೆರಡು ಗಂಟೆ ಡ್ಯೂಟಿ ಮಾಡೋ ಮನುಷ್ಯನಿಗೆ ನಿದ್ದೆ ಬರುತ್ತೆ ಅಂಕಲ್, ಡ್ಯೂಟಿ ಎಂಟು ಗಂಟೆ ಮಾಡೋಣ ಅಂತ ಮೂರನೇ ಮಹಡಿಯ ಹುಡುಗಿ ಹೇಳಿದ್ಲು. ಮೇಂಟೆನೆನ್ಸ್ ಚಾರ್ಜು ಒಂದೊಂದು ಮನೆಗೆ ಒಂದಷ್ಟು ಜಾಸ್ತಿ ಆಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ವಿ, ಎರಡು ಮೀಟಿಂಗ್ ಹಿಡೀತು. ರೂಮು, ಕುರ್ಚಿ, ರಜೆ ಪಾಸ್ ಆಯ್ತು. ಲಿಫ್ಟಿನ ವಿಷಯ ಪಾಸ್ ಆಗ್ಲಿಲ್ಲ, ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ಮತ್ತೆ ಇಡ್ತೀವಿ. ಈಗ ಪ್ರತಿ ತಿಂಗಳು ಏಜೆನ್ಸಿ ಬಿಲ್ ಜೊತೆ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಇಡ್ಲೇಬೇಕು, ಅದರಲ್ಲಿ ನಮ್ಮಲ್ಲಿ ದುಡಿಯೋ ಅಷ್ಟೂ ಜನರ ಹೆಸರಿರಬೇಕು, ಇಲ್ಲಾಂದ್ರೆ ಬಿಲ್ ವಾಪಸ್. ನಿಮ್ಮ ಅಪಾರ್ಟ್‌ಮೆಂಟಲ್ಲಿ ಈ ಚಲನ್ ಯಾರಾದ್ರೂ ನೋಡ್ತಾರಾ ಅಂತ ವಿಚಾರಿಸಿ, ನಾವು ಮಾಡಿದ ಲೆಕ್ಕದ ಶೀಟು, ರೆಸಲ್ಯೂಷನ್ನಿನ ಕನ್ನಡ ಪ್ರತಿ ಬೇಕಾದೋರಿಗೆ ಕಳಿಸ್ತೀನಿ.